ನೀರು ಕುಡಿದ ಹಲಗೆಗಳು

ಹಿಡಕಲ್ ಹಿನ್ನೀರು, ಹುಕ್ಕೇರಿ ತಾಲೂಕು
೨೧ ಜನವರಿ ೨೦೨೪

ಪ್ರೀತಿಯ ನಂದಾ,

ಮೂಡಲಗಿಯಲ್ಲಿ ನೀನೂ ಅಪ್ಪ-ಅವ್ವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. "ನಿಮ್ಮ ಮಾತು ಬಂದ ಮ್ಯಾಲೇನ ತಾರೀಖು ಇಡೋದ್ರಿ" ಎಂದು ನೀನು ಫೋನು ಮಾಡಿ ತಿಂಗಳಾಯಿತು. ಕೌಜಲಗಿಯ ಶಿವಪುತ್ರ ನಿನ್ನನ್ನು ಮದುವೆಗೆ ಕೇಳಿದ್ದಾನೆ, ನಿನಗೂ ಮನಸ್ಸಿದೆ, ನನ್ನ ಒಪ್ಪಿಗೆಯೊಂದು ಬಾಕಿ. ಇಷ್ಟು ದಿನ ಕಾಯಿಸಿದ್ದಕ್ಕೆ ಬೇಸರಪಡಬೇಡ. ಮಹಾಂತೇಶನ ಹಾಯಿದೋಣಿಯನ್ನು ದುರಸ್ತಿಗೆ ತೆಗೆದಿದ್ದೆ.

ನಿನ್ನ ಅವನ ಮದುವೆಯಾದ ವರ್ಷವೇ ನನ್ನ ಮಗ ಅದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದಿದ್ದನಲ್ಲ, ಯಾರೋ ದಂಡೆಯ ಮೇಲೆ ಬಿಟ್ಟುಹೋದದ್ದು. ಬಿಡುವಾದಾಗಲೆಲ್ಲ ಅದರ ಮುಂದೆ ಕೂರುತ್ತಿದ್ದ. ಅರ್ಧ ಕೆಲಸವಾಗಿತ್ತು, ಜ್ವರ ಬಂತು. ಅವನು ಹೋದಮೇಲೆ ಮೂರು ಬೇಸಿಗೆ ಬೇವಿನ ಮರದ ಕೆಳಗೆ ಬೋರಲು ಬಿದ್ದಿತ್ತು. ಕೋಳಿಗಳು ಅದರಡಿ ಸಂಸಾರ ಹೂಡಿದ್ದವು.

ಮೀನು ಹಿಡಿಯುವ ಯಲ್ಲಪ್ಪನಿಗೆ ಬಡಗಿ ಕೆಲಸವೂ ಬರುತ್ತದೆ. ಕೊಳೆತ ಹಲಗೆ ಕಿತ್ತು ಸಾಗವಾನಿಯದು ಕೂಡಿಸಿದ. ಸಂದಿಗಳಿಗೆ ಹತ್ತಿಯ ಎಳೆ ತುಂಬಿ ರಾಳ ಬಳಿದೆವು. ಹಾಯಿಗೆಂದು ನಾನು ಬೆಲ್ಲದ ಗಾಣದ ಹಳೆಯ ತಾಡಪತ್ರಿ ಹೊಲಿಯುತ್ತಿದ್ದಾಗ ನಾದಿನಿ ಸಾವಿತ್ರವ್ವ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಏನ್ರಿ ವೈನಿ, ಸೊಸಿ ಇನ್ನೊಂದ ಮನಿಗೆ ಹೊಂಟಾಳ, ನೀವು ದೋಣಿಗೆ ಮುಲಾಮ ಹಚ್ಚಾಕತ್ತೀರಿ?"

"ಆಕಿ ಎಲ್ಲೂ ಹೊಂಟಿಲ್ಲ. ನನ್ನ ಕೇಳ್ಯಾಳ."

"ಹಂಗಾರ ಹೇಳ್ರಿ ಲಗೂನ! ಆಕಿ ಮುದಿಕ್ಯಾದ ಮ್ಯಾಲೆ ಹೇಳ್ತೀರೇನು?"

ಎಲ್ಲ ಮುಗಿಯಿತು ಎನ್ನುವಾಗ ಯಲ್ಲಪ್ಪ ದೋಣಿಯನ್ನು ಎದೆಮಟ್ಟದ ನೀರಿಗೆ ಒಯ್ದು, ಕಲ್ಲು ಹೇರಿ, ಮುಳುಗಿಸಿಬಿಟ್ಟ. "ಏ ಯಲ್ಲಪ್ಪಾ, ಇದಕ್ಕೇನೋ ಇಷ್ಟು ದಿನ ಬಡದಿದ್ದು?" ಎಂದು ಕೂಗಿದೆ.

"ಒಣಗಿದ ಹಲಗಿ ಅಕ್ಕಾರ, ನೀರು ಕುಡದು ಉಬ್ಬಿದ್ರನ ಸಂದಿ ಕೂಡ್ತಾವು. ನೀವು ಬಳಿದ ರಾಳ ಬರೇ ಪೌಡರ್ ಹಚ್ಚಿದಂಗ."

ಒಂದು ವಾರ ಅದು ನೀರೊಳಗಿತ್ತು. ನಾನು ದಂಡೆಯಲ್ಲಿ ಕೂರುತ್ತಿದ್ದೆ. ಸಣ್ಣ ಮೀನುಗಳು ಒಳಗೆ ಬಂದು, ಹಲಗೆಯ ಮೇಲೆ ಸ್ವಲ್ಪ ನಿಂತು, ಹೊರಟುಹೋಗುತ್ತಿದ್ದವು. ಯಾವುದಕ್ಕೂ ಅದು ತನ್ನದು ಎನ್ನಿಸಿದಂತಿರಲಿಲ್ಲ. ನೋಡುತ್ತ ನೋಡುತ್ತ ನಾನು ನೀರಿನ ಮೇಲಿದ್ದೇನೋ ಕೆಳಗಿದ್ದೇನೋ ತಿಳಿಯುತ್ತಿರಲಿಲ್ಲ.

ನಿನ್ನೆ ಎತ್ತಿ ನೀರು ಚೆಲ್ಲಿದೆವು. ಸೋರಲಿಲ್ಲ. ಹಾಯಿ ಏರಿಸಿದಾಗ ಬೆಲ್ಲದ ವಾಸನೆ ಬಂತು. ದೋಣಿ ಒಂದು ಕಡೆ ವಾಲಿ, ಸದ್ದಿಲ್ಲದೆ ಹೊರಟಿತು. ಯಲ್ಲಪ್ಪ ಹಿಂದೆ ಚುಕ್ಕಾಣಿ ಹಿಡಿದಿದ್ದ. ನನ್ನ ಎದುರಿನ ಹಲಗೆ ಖಾಲಿ. ಅಲ್ಲಿ ಮಹಾಂತೇಶನನ್ನು ಕೂರಿಸಿ ನೋಡಬೇಕೆಂದುಕೊಂಡೆ. ಬಂದು ಕೂತವಳು ನೀನು. ಪಕ್ಕದಲ್ಲಿ, ನಾನಿನ್ನೂ ಮುಖ ನೋಡದ ಒಬ್ಬ. ಆ ಹೊತ್ತಿಗೆ ಅದು ವಿಚಿತ್ರವೆನಿಸಲಿಲ್ಲ. ಬಿಸಿಲಿತ್ತು, ಗಾಳಿಯಿತ್ತು, ನೀವಿಬ್ಬರೂ ಕೂತಿದ್ದಿರಿ.

ತಾರೀಖು ಇಡಿರಿ. ನಾನು ಬರುತ್ತೇನೆ, ಯಾರು ಏನಂದರೂ ಅಕ್ಕಿಕಾಳು ಹಾಕಲು ಮುಂದೆಯೇ ನಿಲ್ಲುತ್ತೇನೆ. ಆಮೇಲೆ ಇಬ್ಬರೂ ಇಲ್ಲಿಗೆ ಬನ್ನಿ. ತಣ್ಣಗೆ ಬಾಳು, ಮಗಳೇ.

ನಿನ್ನ
ಅನ್ನಪೂರ್ಣಾ

ಇನ್ನೊಂದು: ಮೇಲೆ 'ನಿನ್ನ' ಎಂದಮೇಲೆ ಬರೀ ಹೆಸರು ಬರೆದು ನಿಲ್ಲಿಸಿದ್ದೇನೆ. ಉತ್ತರ ತಡವಾದದ್ದು ದೋಣಿಯಿಂದಲ್ಲ. ಅವತ್ತು ಫೋನಿನಲ್ಲಿ ನೀನು "ನಾನ್ರಿ" ಎಂದು ಶುರುಮಾಡಿ, ಇಡುವವರೆಗೂ ಒಮ್ಮೆಯೂ "ಅತ್ತೀ" ಅನ್ನಲಿಲ್ಲ. ಆ ಮಾತು ಇನ್ನು ಕೌಜಲಗಿಯವರದು, ಗೊತ್ತು. ಆದರೆ ಬಂದಾಗ ಹೊಸ್ತಿಲಲ್ಲಿ ಸುಮ್ಮನೆ ನಿಲ್ಲಬೇಡ. ಏನಾದರೂ ಒಂದು ಕರೆ. ಓಗೊಡುತ್ತೇನೆ.