ಶುಕ್ರವಾರದ ಪೂಜೆ ಮತ್ತು ಇಂಚರಳ ಇನ್ಹೇಲರ್

ಕ್ರಿ.ಶ. ೨೨೦೩, ಶ್ರಾವಣ ಶುಕ್ರವಾರ

ಕೆಂಪಮ್ಮಜ್ಜಿಯವರಿಗೆ ಪುಟ್ಟತಾಯಿಯ ನಮಸ್ಕಾರ.

ಇವತ್ತು ನನ್ನ ಒಪ್ಪೊತ್ತು. ಬಾಗಿಲು ಸಾರಿಸಿ, ತುಳಸಿಗೆ ನೀರು ಹಾಕಿ, ಶಾಲೆಯ ಬಿಸಿಲೊಲೆಯ ಮೇಲೆ ಅನ್ನಕ್ಕಿಟ್ಟು ಬರೆಯಲು ಕುಳಿತಿದ್ದೇನೆ. ಬಿಸಿಲೊಲೆ ಎಂದರೆ ಬಿಸಿಲನ್ನು ಕೂಡಿಟ್ಟುಕೊಂಡು ಕಾಯುವ ಒಲೆ, ಹೊಗೆಯಿಲ್ಲ. ನೀವು ನನಗಿಂತ ಆರು ತಲೆಮಾರು ಹಿಂದಿನವರು. ಈ ಕಾಗದ ನಿಮ್ಮ ಕೈ ಸೇರುವ ಹೊತ್ತಿಗೆ ನಿಮಗೆ ನನ್ನಷ್ಟು ವಯಸ್ಸೂ ಆಗಿರಲಾರದು, ಆದರೂ ಅಜ್ಜಿ ಎನ್ನುತ್ತೇನೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮಂತೆ ನಾನೂ ಊರ ಶಾಲೆಯ ಅಡುಗೆಯವಳು. ತರಗತಿಯಲ್ಲಿ ನಡೆಯುವ ಶುಕ್ರವಾರದ ಶಾರದೆ ಪೂಜೆಯೂ ನನ್ನದೇ. ನಮ್ಮಲ್ಲಿ ಪ್ರತಿ ತರಗತಿಯ ಬಾಗಿಲ ಪಕ್ಕ ಉಸಿರುಗೂಡು ಇರುತ್ತದೆ, ದೀಪದ ಗೂಡಿನಂಥದು. ಉಬ್ಬಸವಿರುವ ಮಕ್ಕಳ ಇನ್ಹೇಲರ್ ಅದರಲ್ಲಿ, ಮೇಲೆ ಅವರವರ ಹೆಸರು. ಬೀಗವಿಲ್ಲ. ಅದನ್ನು ಹೇಗೆ ಕೊಡಬೇಕೆಂದು ಮೇಷ್ಟ್ರಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಗೊತ್ತು.

ಇಷ್ಟಿದ್ದೂ ನಾನು ತಪ್ಪು ಮಾಡಿದೆ. ಬಾಯಿಗಿಟ್ಟ ವಸ್ತು ಎಂಜಲು, ದೇವರ ಮುಂದೆ ಇರಬಾರದೆಂದು ಹೋದ ವರ್ಷ ಪೂಜೆಯ ಹೊತ್ತಿಗೆ ಗೂಡು ಖಾಲಿ ಮಾಡಿ, ಎಲ್ಲವನ್ನೂ ಬುಟ್ಟಿಗೆ ಹಾಕಿ ಜಗುಲಿಯಲ್ಲಿಟ್ಟೆ. ಸಾಂಬ್ರಾಣಿ ಹಾಕಿದೆ. ನಾಲ್ಕನೇ ತರಗತಿಯ ದೇವೀರಿಗೆ ದಮ್ಮು ಎದ್ದಿತು. ಗೂಡಿಗೆ ಕೈ ಹಾಕಿದಳು, ಬರಿದು. ನಾನು ಬುಟ್ಟಿ ತರುವಷ್ಟರಲ್ಲಿ ತುಟಿ ನೀಲಿಯಾಗಿತ್ತು. ಔಷಧ ಎಳೆದು, ಡಾಕ್ಟರ ಬಳಿ ಹೋಗಿ ಬಂದು ಸುಧಾರಿಸಿಕೊಂಡ ಮೇಲೆ ನನ್ನನ್ನೇ ಆಡಿಕೊಂಡಳು: "ನಿಮ್ ದೇವ್ರು ಕೆಮ್ಮಲ್ಲ, ನಾನ್ ಕೆಮ್ತೀನಿ ಕಣಜ್ಜಿ!"

ಹೀಗೆ ಹೊರಗಿಡುವ ಪದ್ಧತಿ ನಿಮ್ಮ ಕಾಲದಿಂದ ಬಂದದ್ದು ಎಂದು ನಮ್ಮತ್ತೆ ಹೇಳುತ್ತಿದ್ದರು. ಬೈಯುತ್ತಿಲ್ಲ, ನಾನೂ ಹಾಗೇ ನಂಬಿದ್ದವಳು. ಈಗ ಸಾಂಬ್ರಾಣಿ ಬಿಟ್ಟಿದ್ದೇನೆ, ಹೂವಿಟ್ಟು ಕೈ ಮುಗಿಯುತ್ತೇನೆ. ಶಾರದೆ ಮುನಿದಿಲ್ಲ.

ನಿಮ್ಮ ಮೂರನೇ ತರಗತಿಯಲ್ಲಿ ಇಂಚರ ಎಂಬ ಹುಡುಗಿ ಇದ್ದಾಳೆ. ಬರುವ ಶುಕ್ರವಾರದ ಪೂಜೆಯಲ್ಲಿ ಅವಳಿಗೆ ಉಸಿರು ಕಟ್ಟುತ್ತದೆ. ಇಷ್ಟು ನಮ್ಮತ್ತೆಯಿಂದ ಕೇಳಿದ್ದು, ಮುಂದೇನಾಯಿತೆಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಹೊಗೆ ಹಾಕಬೇಡಿ. ಅವಳ ಇನ್ಹೇಲರ್ ಅವಳ ಕೈಗೆಟುಕುವಲ್ಲೇ ಇರಲಿ, ದೇವರ ಮುಂದಾದರೂ ಸರಿ. ನೀವು ಮಾಡುತ್ತೀರಿ ಎಂಬ ನಂಬಿಕೆ ನನಗಿದೆ.

ಶುಕ್ರವಾರ ಕಳೆದ ಮೇಲೆ ಉತ್ತರ ಬರೆದು ನಿಮ್ಮೂರ ದಿಬ್ಬದ ಮೇಲಿನ ಅಂಚೆ ಡಬ್ಬಿಗೆ ಹಾಕಿಸಿ. ಹಿಂದಿನ ಕಾಲಕ್ಕೆ ಕಾಗದ ಒಯ್ದು, ಅಲ್ಲಿಂದ ತರುವ ನಮ್ಮ ಕಾಲಟಪಾಲು ಅಲ್ಲಿಂದ ಎತ್ತಿಕೊಳ್ಳುತ್ತದೆ. ನಾನು ಒಲೆ ಬಿಟ್ಟು ಹೋಗಲಾರೆ. ಇಲ್ಲಿಯ ಅಂಚೆಮನೆಯಿಂದ ತಂದುಕೊಡೆಂದು ದೇವೀರಿಗೆ ಹೇಳಿದ್ದೇನೆ. ಅಲ್ಲಿಯ ಡಬ್ಬಿಯವರೆಗೆ ಇಂಚರಳನ್ನೇ ಕಳಿಸಿ. ಒಳಗೆ ಏನೂ ಬರೆಯದಿದ್ದರೂ ಪರವಾಗಿಲ್ಲ ಅಜ್ಜಿ, ಆ ಹುಡುಗಿ ದಿಬ್ಬ ಹತ್ತಿ ಹಾಕಿದ ಕಾಗದ ಬಂದರೆ ಸಾಕು.