ಎದುರು ಬಾಗಿಲ ಗಾಳಿ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಮುಲುಂಡ್
೧೧ ಮೇ ೧೯೭೫

ಚಿ. ಸೌ. ಕಸ್ತೂರಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ಅಂದರೆ ಬೆಂದಿದ್ದೇವೆ, ಇನ್ನೂ ಸೀದಿಲ್ಲ. ನೀವು ಮೂವರೂ ಆರಾಮ ಇದ್ದೀರೆಂದು ನಂಬಿದ್ದೇನೆ. ಕಾಗದ ಬರೆಯಲು ತಡವಾಯಿತು. ಎಷ್ಟು ತಡವೆಂದು ನಿನಗೂ ಗೊತ್ತು, ನನಗೂ ಗೊತ್ತು. ಲೋಕಲ್ ಹತ್ತಿದರೆ ದಾದರ್ ಏನು ದೂರ? ಆದರೂ ಅಂಚೆ ಪೆಟ್ಟಿಗೆಗೆ ಹಾಕುತ್ತಿದ್ದೇನೆ. ‘ಇನ್ನ ಈ ಮೆಟ್ಟಿಲಾ ಹತ್ತೂದಿಲ್ಲ’ ಎಂದು ಹೋದವಳು ನೀನು, ‘ಹತ್ತಬ್ಯಾಡ’ ಎಂದವಳು ನಾನು. ಇಬ್ಬರೂ ಮಾತು ಉಳಿಸಿಕೊಂಡಿದ್ದೇವೆ.

ಈ ಸಲದ ಸೆಕೆ ಕೇಳಬೇಡ. ನಮ್ಮದು ಮೇಲಿನ ಮಜಲು, ತಲೆಯ ಮೇಲೆ ಸ್ಲ್ಯಾಬು, ರಾತ್ರಿಯಾದರೂ ರೊಟ್ಟಿಯ ಹಂಚಿನ ಹಾಗೆ ಕಾದೇ ಇರುತ್ತದೆ. ನಿಮ್ಮಪ್ಪ ಒಂದು ಟೇಬಲ್ ಫ್ಯಾನು ತಂದರು. ಅದು ಆ ಮೂಲೆಯ ಬಿಸಿಯನ್ನು ಈ ಮೂಲೆಗೆ ತಂದು ಮುಖಕ್ಕೆ ಎರಚುತ್ತದೆ, ಅಷ್ಟೇ. ಆಮೇಲೆ ಟೆರೇಸಿಗೆ ಸುಣ್ಣ ಹಚ್ಚಿದರು. ಟೆರೇಸಿಗಿಂತ ಅವರೇ ಹೆಚ್ಚು ಬೆಳ್ಳಗಾಗಿ ಇಳಿದು ಬಂದರು. ಸುಳ್ಳು ಏಕೆ ಹೇಳಲಿ, ಅದರಿಂದ ತುಸು ತಂಪಾಯಿತು, ಆದರೆ ಒಳಗಿನ ಉಬ್ಬೆ ಹೋಗಲಿಲ್ಲ.

ಆಗ ನಾನು, ನಮ್ಮ ಊರಿನ ಬುದ್ಧಿ ನಡೆಸೋಣ ಎಂದೆ. ವಿಜಾಪುರದ ಕಡೆ ಬೇಸಿಗೆಯಲ್ಲಿ ಕಿಟಕಿಗೆ ಗೋಣಿತಟ್ಟು ಕಟ್ಟಿ ನೀರು ಹೊಡೆದರೆ ಮನೆ ಗುಡಿಯ ಗರ್ಭಗುಡಿಯಂತೆ ತಣ್ಣಗಾಗುವುದಿಲ್ಲವೇ? ಇಲ್ಲಿಯೂ ಎಲ್ಲ ಕಿಟಕಿಗೂ ಕಟ್ಟಿದೆ, ಬಕೆಟ್ಟುಗಟ್ಟಲೆ ಹೊಡೆದೆ. ಅಲ್ಲಿಯದು ಒಣ ಗಾಳಿ, ನೀರು ಕುಡಿದು ತಂಪು ಕೊಡುತ್ತದೆ. ಈ ಮುಂಬಯಿಯ ಗಾಳಿ ಮೊದಲೇ ಸಮುದ್ರ ಕುಡಿದು ಬಂದದ್ದು, ನಮ್ಮ ಬಕೆಟ್ಟಿನ ನೀರು ಅದಕ್ಕೆ ಯಾವ ಲೆಕ್ಕ? ಮನೆ ಇಡ್ಲಿ ಪಾತ್ರೆಯಾಯಿತು. ನಿಮ್ಮಪ್ಪ ಬನಿಯನ್ ಹಿಂಡುತ್ತ, ‘ಏ, ಮುಚ್ಚಳಾ ತೆಗದು ನೋಡ, ನಾ ಬೆಂದೇನೇನು?’ ಎಂದರು.

ಇಲ್ಲಿ ಬೇಕಾದದ್ದು ನೀರಲ್ಲ, ಹಾಯುವ ಗಾಳಿ ಎಂದು ನಿನ್ನ ಗಂಡ ಅಂದೇ ಹೇಳಿದ್ದ, ನೆನಪಿದೆಯೇ? ಆಗ ಅವನು ಎದುರು ಮನೆಯ ಶೀಲಾವತಿಯ ಮಗ ರಮಾನಾಥ, ಮನೆಗಳ ನಕ್ಷೆ ಬರೆಯುವ ಆಫೀಸಿನವನು, ಅಷ್ಟೇ. ಒಂದು ದಿನ ಕಾಗದ ಹಿಡಿದುಕೊಂಡು ಬಂದು ಬಾಣದ ಗುರುತು ಹಾಕಿ ತೋರಿಸಿದ. ‘ಮಾಮಿ, ಗಾಳಿ ಬರುದು ಪಶ್ಚಿಮದಿಂದ. ನಮ್ಮ ಕಿಟಕಿಯಿಂದ ಒಳಗೆ, ನಮ್ಮ ಬಾಗಿಲಿಂದ ನಿಮ್ಮ ಬಾಗಿಲಿಗೆ, ನಿಮ್ಮ ಅಡಿಗೆ ಕೋಣೆಯ ಮೇಲಿನ ಕಿಂಡಿಯಿಂದ ಹೊರಗೆ. ಎರಡೂ ಬಾಗಿಲು ತೆರೆದಿಟ್ರೆ ಫ್ಯಾನೇ ಬೇಡ’ ಎಂದ. ಪುಣ್ಯಾತ್ಮ! ಗಾಳಿಯ ದಾರಿ ತೋರಿಸಲು ಬಂದವನು ಅದೇ ದಾರಿಯಿಂದ ನನ್ನ ಮಗಳನ್ನು ಕರೆದುಕೊಂಡು ಹೋದ. ಅಂದು ಹಾಕಿದ ಬಾಗಿಲನ್ನು ನಾನು ತೆಗೆದಿರಲಿಲ್ಲ. ಮೀನು ತಿನ್ನುವವರ ಮನೆಯ ಗಾಳಿ ನನ್ನ ದೇವರ ಜಗಲಿಗೆ ಬೇಡವೆಂದು ಕಾಗೆ ಬರುವ ನೆಪ ಹೇಳಿ ಆ ಕಿಂಡಿಗೂ ಕಾಗದ ತುರುಕಿದ್ದೆ.

ಕಳೆದ ಸೋಮವಾರ ಲಿಂಗಪೂಜೆಗೆ ಕುಳಿತಿದ್ದೆ. ಹಣೆಯ ವಿಭೂತಿ ಬೆವರಿನಲ್ಲಿ ಇಳಿದು ಮೀಸೆಯಾಗಿತ್ತು. ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ. ನಿಮ್ಮಪ್ಪ ಎದ್ದವರೇ, ‘ನಾ ಬಾಗಿಲಾ ತೆಗೀತೇನಿ. ಮಾನ ಇದ್ದರ ಇರ್ಲಿ, ಹೋದ್ರ ಹೋಗ್ಲಿ, ಗಾಳಿಯರ ಬರ್ಲಿ’ ಎಂದು ಅಗಳಿ ಸರಿಸಿದರು. ಸ್ಟೂಲು ಹತ್ತಿ ಕಿಂಡಿಯ ಕಾಗದವನ್ನೂ ಕಿತ್ತರು. ಎದುರು ಬಾಗಿಲು ತೆರೆದೇ ಇತ್ತು. ಏನು ಹೇಳಲಿ ಕಸ್ತೂರಿ, ನದಿಗೆ ಇಳಿದ ಹಾಗಾಯಿತು.

ಆದರೆ ಗಾಳಿಯ ಜೊತೆಗೆ ಮೂಗಿಗೆ ಒಂದು ಕೆಟ್ಟ ವಾಸನೆಯೂ ಅಡರಿತು. ‘ಬಂತ ನೋಡ್ರಿ ಮೀನಾ! ಪೂಜಿ ಕೆಡ್ತು!’ ಎಂದು ಕೂಗಿದೆ.

ನಿನ್ನ ಅತ್ತೆ ಸೌಟು ಹಿಡಿದು ಹೊಸ್ತಿಲಿಗೆ ಬಂದರು. ‘ಎಂಥದು ಮಾರಾಯ್ರೆ! ಇವತ್ತು ಸೋಮವಾರ ಅಲ್ವಾ? ನಮ್ಮಲ್ಲಿ ಹೆಸರುಬೇಳೆ ತೊವ್ವೆ. ವಾಸನೆ ನಿಮ್ಮ ಗೋಣಿಯದ್ದು, ಕೊಳೆತು ಹೋಗಿದೆ. ನಾವೇ ಎಂಟು ದಿನದಿಂದ ಮೂಗು ಮುಚ್ಚಿಕೊಂಡಿದ್ದೇವೆ!’

ನಿಮ್ಮಪ್ಪ ಗೋಣಿ ಮೂಸಿ ನೋಡಿ, ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನು ಸೋಲಲಿಲ್ಲ. ‘ಸೋಮವಾರ ಅಂತ ನಿಮಗ್ಯಾಕ ನೇಮ?’ ಎಂದು ಕೇಳಿದೆ. ಅವರು ಸೌಟು ಕೆಳಗಿಳಿಸಿ, ‘ಮದುವೆಯ ದಿನವೇ ನಿಮ್ಮ ಮಗಳು ಹೇಳಿದ್ದು. ಅಮ್ಮನ ಪೂಜೆಯ ದಿನ ಮೀನು ಬೇಡ ಅತ್ತೆ ಅಂತ. ಬಾಗಿಲು ಹಾಕಿದ್ರೆ ಏನಂತೆ, ನಾವು ಮಾಡ್ಲಿಲ್ಲ’ ಎಂದರು.

ನಾನು ಗೋಣಿ ಬಿಚ್ಚತೊಡಗಿದೆ.

ಅಂದಿನಿಂದ ಬಾಗಿಲು ತೆರೆದಿದೆ. ಗಾಳಿಗಾಗಿ ಮಾತ್ರ, ಬೇರೆ ಅರ್ಥ ಕಟ್ಟಬೇಡ. ಉಳಿದ ದಿನ ಮೀನು ಹುರಿಯುವ ಮುಂಚೆ ಅವರು ತಟ್ಟೆ ಬಾರಿಸುತ್ತಾರೆ, ನಾನು ಬಾಗಿಲು ಹಾಕುತ್ತೇನೆ. ತಟ್ಟೆಯ ಸದ್ದು ಕೇಳುತ್ತಲೇ ನಿಮ್ಮಪ್ಪ ಮಾತ್ರ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂಡುತ್ತಾರೆ. ಅವರದೂ ಗಾಳಿಗಾಗಿಯೇ ಅಂತೆ.

ಶಿವನ ದಯೆಯಿಂದ ನಿನ್ನ ಒಲೆ ಆರದಿರಲಿ, ತಲೆ ಕಾಯದಿರಲಿ. ರಮಾನಾಥನಿಗೆ ಅವನ ಬಾಣಗಳು ಸರಿಯಿದ್ದವು ಎಂದು ಹೇಳು. ನಾನು ಹೇಳಿದೆನೆಂದು ಹೇಳಬೇಡ.

ಇಂತಿ ನಿನ್ನ ಅವ್ವ,
ಸುಂದ್ರವ್ವ

ತಾ.ಕ.: ಎರಡೂ ಬಾಗಿಲಿನ ಗಾಳಿ ನೇರವಾಗಿ ಹಾಯುವ ಜಾಗ ನೋಡಿ ನಿಮ್ಮಪ್ಪ ಸ್ಲ್ಯಾಬಿಗೆ ಕೊಂಡಿ ಹಾಕಿ ನಿನ್ನ ತೊಟ್ಟಿಲು ಕಟ್ಟಿದ್ದಾರೆ. ನಿಮ್ಮ ದಾದರಿನ ಖೋಲಿಯಲ್ಲಿ ಕೂಸಿಗೆ ಸೆಕೆಗುಳ್ಳೆ ಎದ್ದಿವೆಯೆಂದು ನಿನ್ನ ಅತ್ತೆ ಹೇಳಿದರು. ಅವರು ಕೂಸನ್ನು ‘ಬಾಲೆ, ಬಾಲೆ’ ಅನ್ನುತ್ತಾರೆ. ತುಳುವಿನಲ್ಲಿ ಎಲ್ಲ ಕೂಸಿಗೂ ಹಾಗೇ ಅನ್ನುತ್ತಾರಂತೆ. ಅದರ ಹೆಸರೇನೆಂದು ನಾನು ಅವರನ್ನು ಕೇಳಿಲ್ಲ. ನನ್ನ ಮೊಮ್ಮಗಳ ಹೆಸರನ್ನು ಎದುರು ಮನೆಯವರಿಂದ ಕೇಳಿ ತಿಳಿಯುವುದು ನನ್ನಿಂದಾಗಲಿಲ್ಲ. ಕಾಗದದಲ್ಲಿ ಬರೆಯಬೇಡ. ಮೆಟ್ಟಿಲು ಹತ್ತಿ ಬಂದು ನನ್ನ ಕಿವಿಯಲ್ಲಿ ಹೇಳು.