ಬ್ಯಾರಕ್ಕಿನೊಳಗಿನ ಮತ

ಬಂದರು ಬೀದಿ, ಉತ್ತರ ಜೊಲ್ಲಾ, ದಕ್ಷಿಣ ಕೊರಿಯಾ
೨೮ ನವೆಂಬರ್ ೧೯೮೭, ಶನಿವಾರ ಮಧ್ಯಾಹ್ನ

ಮಗೂ ಇನ್‌ಗ್ಯು,

ಹೇಗಿದ್ದೀಯೋ? ಕಾಲ್ಬೆರಳುಗಳ ಊತ ಇಳಿಯಿತೇ? ಕಳೆದ ರಜೆಯಲ್ಲಿ ನೀನು ಮುಚ್ಚಿಟ್ಟರೂ ಅಮ್ಮ ನಿನ್ನ ಕಾಲುಚೀಲ ಒಗೆಯುವಾಗ ರಕ್ತದ ಕಲೆ ನೋಡಿದ್ದಳು. ಇಲ್ಲಿ ನಾವು ಕ್ಷೇಮ. ಮೂರು ದಿನದಿಂದ ಅಂಗಳದಲ್ಲಿ ಚಳಿಗಾಲಕ್ಕೆ ಎಲೆಕೋಸಿನ ಕಿಮ್ಚಿ ಉಪ್ಪಿನಕಾಯಿ ಹಾಕುವ ಗಲಾಟೆ. ಅಮ್ಮನ ಕೈ ಮೊಣಕೈವರೆಗೂ ಮೆಣಸಿನಪುಡಿ. ಮೂಲಂಗಿ ಹೆಚ್ಚು ಹಾಕಿದ ಜಾಡಿಯೊಂದನ್ನು ನಿನಗೆಂದೇ ಬೇರೆಯಾಗಿ ಮಣ್ಣಲ್ಲಿ ಹೂಳಿಸಿದ್ದಾಳೆ. ನಾನು ಹತ್ತಿರ ಹೋದರೂ ಗದರುತ್ತಾಳೆ.

ನನಗೆ ಶಾಲೆಯ ಕೆಲಸ ಇನ್ನೂ ಮರಳಿ ಸಿಕ್ಕಿಲ್ಲ. ನೇರ ಚುನಾವಣೆ ಬೇಕೆಂದು ಸಹಿ ಹಾಕಿದ ಮೇಷ್ಟ್ರುಗಳಲ್ಲಿ ಯಾರಿಗೂ ಸಿಕ್ಕಿಲ್ಲ. ಇರಲಿ. ಜೂನ್ ಕೊನೆಯಲ್ಲಿ ಸರ್ಕಾರ ಮಣಿದ ದಿನ, ಅಶ್ರುವಾಯುವಿನಿಂದ ಊದಿದ ಕಣ್ಣಿನಲ್ಲೇ ನಾನು ಮೀನು ಮಾರ್ಕೆಟ್ಟಿನಲ್ಲಿ ಕುಣಿದಿದ್ದೆ. ಹದಿನಾರು ವರ್ಷಗಳ ಮೇಲೆ ಅಧ್ಯಕ್ಷರನ್ನು ನಾವೇ ಆರಿಸುವುದು ಅಂದರೇನು ಸಾಮಾನ್ಯವೇ? ಆದರೆ ಹೊಸ ನಿಯಮಗಳನ್ನು ಕೂತು ಓದಿದೆ. ಎಲ್ಲ ಬದಲಾಗಿದೆ, ಸೈನಿಕರ ಮತವೊಂದು ಹಾಗೆಯೇ ಉಳಿದಿದೆ. ನಮಗಿಂತ ಎಷ್ಟೋ ದಿನ ಮೊದಲು, ಬ್ಯಾರಕ್ಕಿನೊಳಗೆ, ಮೇಲಧಿಕಾರಿಯ ಕಣ್ಣೆದುರು.

ನಮ್ಮೂರಿನ ಸೈನಿಕರ ತಾಯಿತಂದೆಯರ ಹತ್ತಿರ ಸಹಿ ಹಾಕಿಸಿದೆ. ಬರೆಯಲು ಬಾರದ ಮೀನುಗಾರ ಹೆಂಗಸರು ಹೆಬ್ಬೆಟ್ಟು ಒತ್ತಿದರು. ನಮ್ಮ ಮಕ್ಕಳಿಗೂ ಕ್ಯಾಂಪಿನ ಹೊರಗೆ ಮತಗಟ್ಟೆ ಕೊಡಿ, ಒಂದು ಪರದೆ ಕೊಡಿ, ಅಷ್ಟೇ ನಮ್ಮ ಕೇಳಿಕೆ. ಪಟ್ಟಣದ ಕಚೇರಿಗೆ ಮೂರು ಸಲ ಅಲೆದೆ. ಮೂರನೆಯ ಸಲ ಅಲ್ಲಿದ್ದವನು ನಕ್ಕ. "ಮೇಷ್ಟ್ರೇ, ನೇರ ಚುನಾವಣೆ ಕೇಳಿದ್ರಿ, ಕೊಟ್ವಿ. ಇನ್ನು ಬ್ಯಾರಕ್ಕಿಗೂ ನುಗ್ತೀರಾ? ಮುಂದಿನ ಸಲ ನೋಡೋಣ ಹೋಗಿ," ಅಂದ. ನನ್ನೆದುರೇ ಆ ಅರ್ಜಿಯನ್ನು ಮಡಚಿ ಬಿಸಿ ಕೆಟಲ್ಲಿನ ಅಡಿಗೆ ಇಟ್ಟ.

ನಿನ್ನೆ ನಿಮ್ಮ ತುಕಡಿಯ ಹ್ಯೊಂಗು ರಜೆಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಎರಡು ಬಟ್ಟಲು ಸೂಪು ಕುಡಿದ. ಆಮೇಲೆ ಹೇಳಿದ. ಪಕ್ಕದ ತುಕಡಿಯಲ್ಲಿ ಕ್ಯಾಪ್ಟನ್ ಮೊದಲೇ 'ಅಭ್ಯಾಸ' ಅಂತ ಮತ ಹಾಕಿಸಿದನಂತೆ. ಯಾವ ಹೆಸರಿನ ಮುಂದೆ ಮುದ್ರೆ ಒತ್ತಬೇಕೆಂದು ಬೆರಳಿಟ್ಟು ತೋರಿಸಿದನಂತೆ. ಬೇರೆ ಕಡೆ ಒತ್ತಿದ ಒಬ್ಬ ಹುಡುಗ ಈಗ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನಂತೆ, ಇನ್ನೂ ಕಣ್ಣು ತೆರೆದಿಲ್ಲವಂತೆ. ಇದೆಲ್ಲ ಗೊತ್ತಿದ್ದೂ ನೀನು ಊಟದ ಸಾಲಿನಲ್ಲಿ ನಿಂತು, "ನನ್ನ ಮತ ನಂದು. ನಮ್ಮಪ್ಪ ಕಲಿಸಿದ್ದು ಅದೇ," ಅಂದೆಯಂತೆ. ಹ್ಯೊಂಗು ಅದನ್ನು ಹೆಮ್ಮೆಯಿಂದ ಹೇಳಿದ.

ಹೌದು, ನಾನೇ ಕಲಿಸಿದ್ದು. ನಿನಗೆ ಒಂಬತ್ತು ವರ್ಷವಿದ್ದಾಗ, ಗೋಡೆಯ ಮೇಲಿನ ಅಧ್ಯಕ್ಷರ ಚಿತ್ರ ತೋರಿಸಿ, ಇವರನ್ನು ನಾವು ಆರಿಸಿದ್ದಲ್ಲ ಅಂದಿದ್ದೆ. ಆ ದಿನ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೆಂದು ರಾತ್ರಿಯೆಲ್ಲ ಅನಿಸಿತು. ಹೀಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಹ್ಯೊಂಗು ಸಂಜೆ ಬಸ್ಸಿಗೆ ಹೊರಡುತ್ತಾನೆ. ಈ ಕಾಗದ ಅವನ ಬೂಟಿನೊಳಗೆ ಬರುತ್ತದೆ. ಓದಿ ಸುಟ್ಟುಬಿಡು. ಬೆಚ್ಚಗಿರು. ನಿನ್ನ ಚಿಕ್ಕಜ್ಜಿ ದಿನಾ ನಿನ್ನ ಹೆಸರೆತ್ತಿ ಕೈಮುಗಿಯುತ್ತಾರೆ, ಅವರ ಆಶೀರ್ವಾದವೂ ಇದರಲ್ಲಿದೆ.

ನಿನ್ನ ಅಪ್ಪ,
ಪ್ಯೊ ಜುಂಗ್‌ಹಾನ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಅವರು ಬೆರಳಿಟ್ಟ ಕಡೆಗೇ ಮುದ್ರೆ ಒತ್ತು ಮಗೂ. ಕಾಲಿಗೆ ಬೀಳುತ್ತೇನೆ. ಹೊರಗೆ ನಾವು ಲಕ್ಷಾಂತರ ಜನ ಇದ್ದೇವೆ, ನಿನ್ನದೊಂದು ಮತ ಹೋದರೆ ಹೋಗಲಿ. ಇಷ್ಟು ಬರೆಯುವಷ್ಟರಲ್ಲಿ ಅಮ್ಮ ಹೆಗಲ ಮೇಲಿಂದ ಓದಿಬಿಟ್ಟಳು. ಇಪ್ಪತ್ತು ವರ್ಷ ನನ್ನ ರಾಜಕೀಯಕ್ಕೆ ಬೈದವಳು ಇವಳು. ಈಗ, "ರೀ, ಕಲಿಸಿದ್ದೂ ನೀವೇ, ಬೇಡ ಅನ್ನೋದೂ ನೀವೇ. ಅವನಿಗೆ ಸರಿ ಅನ್ಸಿದ್ದು ಅವನು ಮಾಡ್ಲಿ ಬಿಡಿ," ಎಂದು ಹೇಳಿ ಅಂಗಳಕ್ಕೆ ಹೋದಳು. ಅಲ್ಲಿ ಕೆಲಸವೇನೂ ಉಳಿದಿಲ್ಲ, ಸುಮ್ಮನೆ ನಿಂತಿದ್ದಾಳೆ. ಆದರೂ ಈ ಸಾಲುಗಳನ್ನು ಹೊಡೆದುಹಾಕುವುದಿಲ್ಲ.